ಅಕ್ಕನ ವರ್ಕಿಗೆ ಎಷ್ಟು ಕರೆಂಟು?

ಕುಂದಾಪುರದ ಆ ಬ್ಯಾಟರಿ ಅಂಗಡಿಯಲ್ಲಿ ನಮಗೆ ಎದುರಾದ ಮೊದಲ ಪ್ರಶ್ನೆಗೂ ವಿದ್ಯುತ್ತಿಗೂ ಯಾವ ಸಂಬಂಧವೂ ಇರಲಿಲ್ಲ. ಗಲ್ಲಾದ ಹಿಂದಿದ್ದ ಮಾಲೀಕರು ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಅಕ್ಕನನ್ನು ನೋಡಿದರು, ಕೊನೆಗೆ ನಮ್ಮಿಬ್ಬರ ಬೆನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲಿನತ್ತ ಕತ್ತು ಚಾಚಿದರು. ಯಾರೂ ಬರಲಿಲ್ಲ.

"ಗಂಡಸ್ರ್ ಯಾರೂ ಬರ್ಲಿಲ್ಯಾ ಅಕ್ಕ?"

"ಬ್ಯಾಟರಿ ತಕಂಬುಕೆ ಗಂಡಸ್ರೇ ಬರ್ಕ್ ಅಂದೇಳಿ ಎಲ್ ಬರ್ದಿತ್ತ್?" ಎಂದು ನಾನು ಕೇಳಿದೆ.

"ಹಾಂಗಲ್ಲ ಮಾರಾಯ್ರೆ, ಎತ್ತೂಕೆ. ಭಾರ ಇರತ್ತಲೆ."

ಹೀಗೆ ಹೇಳಿ ಅವರು ಬ್ಯಾಟರಿಯನ್ನು ಎತ್ತಿ ತೋರಿಸಲು ಕರೆದದ್ದು ಅಂಗಡಿ ಗುಡಿಸುತ್ತಿದ್ದ ಹೆಂಗಸನ್ನು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿ, ಮೊಣಕಾಲೆತ್ತರದ ಬ್ಯಾಟರಿಯೊಂದನ್ನು ನಮ್ಮೆದುರು ತಂದಿಟ್ಟು ಮತ್ತೆ ಪೊರಕೆ ಹಿಡಿದಳು. ಮಾಲೀಕರ ಸಿದ್ಧಾಂತಕ್ಕೆ ಇದರಿಂದ ಏನೂ ಆಗಲಿಲ್ಲ. ಸಿದ್ಧಾಂತಗಳಿಗೆ ಕಣ್ಣೆದುರಿನ ಸಂಗತಿಗಳಿಂದ ಏನೂ ಆಗುವುದಿಲ್ಲ ಎಂಬುದು ಮುಂದೆ ನನ್ನ ವಿಷಯದಲ್ಲೂ ಸಾಬೀತಾಗುವುದಿತ್ತು.

ನಮಗೆ ಬೇಕಾಗಿದ್ದದ್ದು ಮನೆಗೆ ಹಾಕಿಸುವ ಇನ್ವರ್ಟರ್ ಅಲ್ಲ, ಗಾಡಿಯಲ್ಲಿ ಒಯ್ಯುವಂಥದ್ದು. ಬ್ರಹ್ಮಾವರದ ಸುತ್ತ ಹಲವು ವರ್ಷ ಮಕ್ಕಳನ್ನು ಶಾಲೆಗೆ ಸಾಗಿಸಿ ದಣಿದಿದ್ದ ಒಂದು ವ್ಯಾನನ್ನು ನಾನು ಕೊಂಡಿದ್ದೆ. ಸೀಟುಗಳನ್ನು ಕೀಳಿಸಿ, ಹಲಗೆಯ ಎರಡು ಮಂಚ ಮತ್ತು ಒಂದು ಪುಟ್ಟ ಅಡುಗೆ ಕಟ್ಟೆ ಮಾಡಿಸಿ, ಆ ಬದಲಾವಣೆಯನ್ನು ಆರ್‌ಟಿಒ ಕಚೇರಿಯ ಕಾಗದಗಳಲ್ಲಿ ದಾಖಲಿಸುವಷ್ಟರಲ್ಲಿ ನನ್ನ ನಾಗರಿಕ ಶ್ರದ್ಧೆಯ ಬಹುಭಾಗ ಖರ್ಚಾಗಿತ್ತು. ಕಾಗದದ ಮೇಲೆ ಅದೀಗ ಕ್ಯಾಂಪರ್ ವ್ಯಾನ್. ಊರಿನ ಬಾಯಲ್ಲಿ 'ಮನಿ ಗಾಡಿ'. ಎಷ್ಟು ಬಣ್ಣ ಬಳಿದರೂ ಹಿಂದಿನ ಬಾಗಿಲಿನ 'ಮಕ್ಕಳಿದ್ದಾರೆ, ಎಚ್ಚರಿಕೆ' ಎಂಬ ಅಕ್ಷರಗಳು ಪೂರ್ತಿ ಮಾಸಿರಲಿಲ್ಲ. ಐವತ್ತು ದಾಟಿದ ಇಬ್ಬರು ಮಕ್ಕಳನ್ನು ಹೆದ್ದಾರಿಯ ಲಾರಿಯವರು ಇಣುಕಿ ನೋಡಿ ನಗುತ್ತಿದ್ದರು.

ಗಾಡಿಗೆ ಕರೆಂಟಿನ ಅಗತ್ಯವಿದ್ದದ್ದು ಅಕ್ಕನ ಉಸಿರಿಗಾಗಿ. ಅವಳಿಗೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ವೈದ್ಯರು ಸಿಪ್ಯಾಪ್ ಎಂದೂ ಅಕ್ಕ 'ಗಾಳಿ ಮಿಷನ್' ಎಂದೂ ಕರೆಯುವ ಒಂದು ಸಣ್ಣ ಯಂತ್ರವು ಮೂಗಿಗೆ ಹಾಕಿದ ಗವುಸಿನ ಮೂಲಕ ರಾತ್ರಿಯಿಡೀ ಗಾಳಿ ಒತ್ತುತ್ತಿರಬೇಕು. ಅದಿಲ್ಲದೆ ಒಂದು ರಾತ್ರಿಯೂ ಮಲಗಬಾರದೆಂದು ವೈದ್ಯರ ಕಟ್ಟಪ್ಪಣೆ. ನಾಲ್ಕು ವರ್ಷಗಳಿಂದ ಅವಳು ಇನ್ವರ್ಟರ್ ಇರುವ ಹೆಮ್ಮಾಡಿಯ ಮನೆ ಬಿಟ್ಟು ಬೇರೆಲ್ಲೂ ರಾತ್ರಿ ಕಳೆದಿರಲಿಲ್ಲ. ಕೊಲ್ಲೂರಿಗೆ ಹೋದರೆ ಮಧ್ಯಾಹ್ನದ ಊಟ ಮುಗಿಸಿ ಓಡಿ ಬರುವುದು. ಮಳೆಗಾಲದಲ್ಲಿ ಅಲ್ಲಿನ ಲಾಡ್ಜುಗಳ ಕರೆಂಟನ್ನು ನಂಬಿ ಯಾರು ಮಲಗುತ್ತಾರೆ? ನೆಂಟರ ಮದುವೆಗಳಲ್ಲಿ ಹಿಂದಿನ ದಿನದ ಸಂಭ್ರಮವೆಲ್ಲ ಅವಳ ಪಾಲಿಗೆ ಇಲ್ಲವೇ ಆಗಿತ್ತು. ಅವಳು ನನ್ನ ಬಳಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಸಲ:

"ಸಮುದ್ರದ್ ಬದಿಗ್ ಒಂದ್ ರಾತ್ರಿ ಸಮಾ ವರ್ಕ್ ಬಂದ್ರೆ ಸಾಕಿತ್ತ್ ಹೆಣೆ."

ಹೊರಗಿನ ಓದುಗರಿಗಾಗಿ ಹೇಳಬೇಕು: ನಮ್ಮ ಕುಂದಾಪುರದ ಮಾತಿನಲ್ಲಿ ಹೆಣೆ ಎಂದರೆ ಹೆಣ್ಣೇ, ವರ್ಕ್ ಎಂದರೆ ನಿದ್ರೆ. ಒರಗುವುದರಿಂದ ಬಂದದ್ದಿರಬೇಕು. ಇಂಗ್ಲಿಷಿನ ವರ್ಕಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅಕ್ಕನ ಬದುಕಿನಲ್ಲಂತೂ ಇವೆರಡಕ್ಕೆ ಮೊದಲಿನಿಂದಲೂ ಹಗೆತನ.

ಅಂಗಡಿಯ ಮಾಲೀಕರಿಗೆ ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಕೇಳಿದರು:

"ಅದೆಲ್ಲ ಸಮ. ಮಿಕ್ಸಿ ಓಡ್ಸುದಿತ್ತಾ?"

ಉಸಿರಾಟ ಅವರ ಪಟ್ಟಿಯಲ್ಲಿ ಇರಲಿಲ್ಲ. ಮಿಕ್ಸಿ, ಟಿವಿ, ಫ್ಯಾನು, ಬ್ಲೂಟೂತ್ ಪೆಟ್ಟಿಗೆ — ಈ ಕ್ರಮದಲ್ಲಿ ಅವರು ಕಾಗದದ ತುಂಡಿನ ಮೇಲೆ ಬರೆದು, ಕೊನೆಯಲ್ಲಿ ನನ್ನ ಒತ್ತಾಯಕ್ಕೆ 'ಇತರೆ' ಎಂದು ಸೇರಿಸಿದರು. ಒಬ್ಬ ಹೆಂಗಸಿನ ಉಸಿರು ಈ ದೇಶದ ಬಹುತೇಕ ಅರ್ಜಿಗಳಲ್ಲಿ ಯಾವ ಕಾಲಮ್ಮಿನಲ್ಲಿ ಬರುತ್ತದೆಯೋ ಇಲ್ಲಿಯೂ ಅದೇ ಕಾಲಮ್ಮಿನಲ್ಲಿ ಬಂದಿತ್ತು. ಆಸಿಡ್ ತುಂಬಿದ ಆ ಭಾರದ ಬ್ಯಾಟರಿಯನ್ನು ಮಲಗುವ ಮಂಚದ ಕೆಳಗೇ ಇಡಬಹುದೆಂದು ಅವರು ಧೈರ್ಯ ಹೇಳಿದ ಮೇಲೆ ನಾವು ಎದ್ದು ಬಂದೆವು.

ಹೆಮ್ಮಾಡಿಯಲ್ಲಿ ಹೆದ್ದಾರಿಗೆ ಮುಖ ಮಾಡಿರುವುದು ನನ್ನ ಅಣ್ಣನ ಹೋಟೆಲು. ಅದರ ಹಿಂಭಾಗದಲ್ಲೇ ಮನೆ. ನಮ್ಮ ಮೂವರಲ್ಲಿ ಅಕ್ಕ ಹಿರಿಯಳು. ಗಂಡ ತೀರಿಹೋದ ನಂತರ ಅವಳು ಈ ಮನೆಗೆ ಬಂದು ಮೂವತ್ತು ವರ್ಷಗಳಾದವು. ಹೋಟೆಲಿನ ಕೋಳಿ ಸಾರೂ ಮೀನು ಗಸಿಯೂ ಹೆಸರು ಮಾಡಿದ್ದು ಅವಳು ಕಡಿದ ಮಸಾಲೆಯಿಂದ. ಕಡಿಯುವುದು ಎಂದರೆ ನಮ್ಮಲ್ಲಿ ಅರೆಯುವುದು. ಅರೆಯುವ ಕಲ್ಲು ನಮಗೆ ಕಡುಕಲ್ಲು. ಗೋಡೆಯ ಮೇಲೆ ಮಾತ್ರ ಅಣ್ಣನ ಫೋಟೊ ಇದೆ, ಯಾವುದೋ ಸಂಘದವರು ಶಾಲು ಹೊದಿಸುತ್ತಿರುವುದು, 'ರುಚಿಯ ಸಾಧಕ' ಎಂಬ ಬಿರುದಿನೊಂದಿಗೆ. ಈ ಫೋಟೊದ ಬಗ್ಗೆ ನಾನು ಅಣ್ಣನೊಂದಿಗೆ ಮಾಡಿದ ಜಗಳಗಳನ್ನು ಸೇರಿಸಿದರೆ ಬೇರೆಯೇ ಪುಸ್ತಕವಾದೀತು.

ನಾವು ಬರಿಗೈಯಲ್ಲಿ ಮರಳಿದ್ದನ್ನು ಕಂಡು ಗಲ್ಲಾದ ಸುತ್ತ ತಕ್ಷಣವೇ ಪರಿಣತರ ಸಮಿತಿಯೊಂದು ಸೇರಿತು. ಅಧ್ಯಕ್ಷತೆ, ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬ ಹಿರಿಯರದು. ಅವರು ಚಹಾ ಬಸಿಯಲ್ಲಿ ಸುರಿದು ಕುಡಿಯುತ್ತಾ ತೀರ್ಪು ಕೊಟ್ಟರು:

"ಬ್ಯಾಟ್ರಿ ಗೀಟ್ರಿ ಎಂತಕೆ? ಸೀದಾ ಜನರೇಟರ್ ಹಾಕಿ. ಬಾಂಬೆಂಗೆ ನಾವ್ ಇಪ್ಪತ್ತ್ ವರ್ಷ ಜನರೇಟರ್ ಮೇಲೇ ಧಂದಾ ಮಾಡಿದ್."

"ಅದ್ರ ಶಬ್ದಕ್ಕೆ ಮನಿಕಂಬುದ್ ಹ್ಯಾಂಗೆ?" ಎಂದು ಅಕ್ಕ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

"ಶಬ್ದ ಇದ್ರೇ ಒಳ್ಳೇದ್. ಕಳ್ರ್ ಬಪ್ಪುದಿಲ್ಲೆ."

"ಕಳ್ರ್ ಬತ್ತಿಲ್ಲೆ, ವರ್ಕೂ ಬತ್ತಿಲ್ಲೆ," ಎಂದಳು ಅಕ್ಕ.

ಡೀಸೆಲ್ ಹೊಗೆ, ಕಡಲತೀರದ ಶಬ್ದಮಾಲಿನ್ಯ, ಮೊಟ್ಟೆಯಿಡಲು ದಡಕ್ಕೆ ಬರುವ ಆಮೆಗಳು, ಹೀಗೆ ನಾನು ಒಂದೊಂದಾಗಿ ವಿವರಿಸತೊಡಗಿದೆ. ಸಮಿತಿ ಅದನ್ನು ಮಳೆ ನಿಲ್ಲಲು ಕಾಯುವವರ ತಾಳ್ಮೆಯಿಂದ ಕೇಳಿಸಿಕೊಂಡಿತು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅಣ್ಣ ನಿಜವಾದ ವಿಷಯಕ್ಕೆ ಬಂದ.

"ಅಲ್ಲಾ ಮಾರಾಯ್ತಿ, ಮನಿ ಒಳ್ಗೆ ಹಾಸ್ಗಿ ಇಲ್ಯಾ? ಗಾಡಿ ಒಳ್ಗೆ ಮನಿಕಂಬ ಮರ್ಲ್ ಎಂತಕೆ ನಿಮ್ಗೆ? ಅಕ್ಕ ಹೋದ್ರೆ ಇಲ್ ಮಸಾಲಿ ಯಾರ್ ಕಡುದ್?"

"ನೀನೇ ಕಡಿ. ರುಚಿಯ ಸಾಧಕ ಅಲ್ದಾ?" ಎಂದೆ ನಾನು.

ಸಮಿತಿ ನಕ್ಕಿತು, ಅಣ್ಣನೂ ನಕ್ಕ. ಈ ನಗುವೇ ನನ್ನ ಬಹುಕಾಲದ ಶತ್ರು. ನಮ್ಮ ಕಡೆ ಅನ್ಯಾಯವನ್ನು ಅಲ್ಲಗಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ, ಅದನ್ನು ತಮಾಷೆಯಾಗಿ ಒಪ್ಪಿಕೊಂಡು ಹಾಗೆಯೇ ಮುಂದುವರಿಸುತ್ತಾರೆ. ಅಕ್ಕ ನಗಲಿಲ್ಲ. ಒಳಗೆ ಹೋದಳು, ಗ್ರೈಂಡರಿನ ಸದ್ದು ಶುರುವಾಯಿತು.

ಅಂದಿನಿಂದ ಈ ಬ್ಯಾಟರಿಯ ಆಯ್ಕೆ ನನ್ನ ಮಟ್ಟಿಗೆ ಬರೀ ಖರೀದಿಯಾಗಿ ಉಳಿಯಲಿಲ್ಲ. ಅಕ್ಕನನ್ನು ಕಡುಕಲ್ಲಿನಿಂದ ಬಿಡಿಸುವ ಹೋರಾಟವಾಯಿತು. ನಾನು ಅಧ್ಯಯನಕ್ಕಿಳಿದೆ. ಇಂಟರ್ನೆಟ್ಟಿನಲ್ಲಿ ಗಾಡಿಯೊಳಗೆ ಬದುಕುವವರ ವಿಡಿಯೊಗಳಿಗೆ ಕೊನೆಯಿಲ್ಲ. ಎಲ್ಲರೂ ಇಪ್ಪತ್ತೇಳರ ಪ್ರಾಯದವರು. ಎಲ್ಲರ ಹೊದಿಕೆಯೂ ಬಿಳಿ. ಎಲ್ಲರೂ ಬೆಳಿಗ್ಗೆ ಗಾಡಿಯ ಹಿಂಬಾಗಿಲು ತೆರೆದು ಬೆಟ್ಟದ ಕಡೆಗೆ ಕಾಲು ಚಾಚಿ ಕಾಫಿ ಕುಡಿಯುತ್ತಾರೆ. ಅವರ ಪೋರ್ಟಬಲ್ ಪವರ್ ಸ್ಟೇಷನ್, ಎಂದರೆ ಹಿಡಿಕೆಯಿರುವ ಒಂದು ಬ್ಯಾಟರಿ ಡಬ್ಬಿ, ಡ್ರೋನನ್ನೂ ಕ್ಯಾಮೆರಾವನ್ನೂ ಕೂದಲು ಸುರುಳಿ ಮಾಡುವ ಉಪಕರಣವನ್ನೂ ನಡೆಸುತ್ತದೆ. ಸರಳ ಬದುಕಿಗೆ ಇಷ್ಟು ಕರೆಂಟು ಬೇಕೆಂದು ನನಗೆ ಗೊತ್ತಿರಲಿಲ್ಲ. ಗೊರಕೆ ಹೊಡೆಯುವ, ಮಂಡಿ ನೋಯುವ, ಮೂಗಿಗೆ ಗವುಸು ಹಾಕಿ ಮಲಗುವ ಒಬ್ಬರೇ ಒಬ್ಬರು ಆ ವಿಡಿಯೊಗಳಲ್ಲಿ ಕಾಣಲಿಲ್ಲ. ಪ್ರಯಾಣದ ಸ್ವಾತಂತ್ರ್ಯವನ್ನು ಆರೋಗ್ಯವಂತರ ಹೆಸರಿಗೆ ಪಟ್ಟಾ ಮಾಡಿ ಕೊಟ್ಟವರು ಯಾರು?

ಆದರೂ ಕೆಲವು ಸಂಗತಿಗಳನ್ನು ಕಲಿತೆ. ವಾಟ್ ಎಂದರೆ ಒಂದು ಉಪಕರಣ ಒಂದು ಹೊತ್ತಿಗೆ ಎಳೆಯುವ ಶಕ್ತಿ. ವಾಟ್-ಅವರ್ ಎಂದರೆ ಡಬ್ಬಿಯೊಳಗಿನ ಒಟ್ಟು ದಾಸ್ತಾನು. ಮಿಕ್ಸಿ ಎರಡು ನಿಮಿಷ ಓಡಿದರೂ ಒಮ್ಮೆಲೇ ಬಹಳ ಎಳೆಯುತ್ತದೆ. ಗಾಳಿ ಮಿಷನ್ ಎಳೆಯುವುದು ಕಡಿಮೆ, ಆದರೆ ರಾತ್ರಿಯಿಡೀ ಎಳೆಯುತ್ತದೆ. ಕೆಲವು ಬ್ಯಾಟರಿಗಳಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಯಾವ ದೇಶದ ಯಾವ ಬಡವರು ಯಾವ ಗಣಿಯಲ್ಲಿ ಅಗೆಯುತ್ತಾರೆಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯದರಲ್ಲಿ ಕೋಬಾಲ್ಟ್ ಇಲ್ಲ, ಬೆಂಕಿಯ ಭಯವೂ ಕಡಿಮೆ. ಆದ್ದರಿಂದ ನನ್ನ ಷರತ್ತುಗಳು ಹೀಗಿದ್ದವು: ಕೋಬಾಲ್ಟ್ ಇರಬಾರದು, ಡಬ್ಬಿ ಸಣ್ಣದಿರಬೇಕು, ಏಕೆಂದರೆ ಅಗತ್ಯಕ್ಕಿಂತ ಹೆಚ್ಚು ಕೊಳ್ಳುವುದು ಭೂಮಿಗೆ ದ್ರೋಹ, ಅದು ಸೂರ್ಯನಿಂದ ಮಾತ್ರ ಚಾರ್ಜ್ ಆಗಬೇಕು. ಯಾರ ಊರಿನ ಗಾಳಿಯನ್ನೋ ಕೆಡಿಸಿ ಬರುವ ಗೋಡೆಯ ಕರೆಂಟು ಬೇಡ. ಈ ಷರತ್ತುಗಳನ್ನು ನಾನು ಈಗಲೂ ತಪ್ಪೆನ್ನುವುದಿಲ್ಲ. ತಪ್ಪಿದ್ದದ್ದು ಅವುಗಳನ್ನು ಬರೆಯುವಾಗ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದದ್ದು.

ಬ್ರಹ್ಮಾವರದ ಹೊಸ ಶೋರೂಮಿನಲ್ಲಿ ಇಂಥ ಡಬ್ಬಿಗಳನ್ನು ಗಾಜಿನ ಕಪಾಟಿನಲ್ಲಿ, ಒಡವೆಗಳಂತೆ, ಕೆಳಗಿನಿಂದ ಬೆಳಕು ಬಿಟ್ಟು ಇಟ್ಟಿದ್ದರು. ಮಾರಾಟದ ಯುವತಿ ಬಯಲುಸೀಮೆಯವಳು, ವಿನಯವಂತೆ, ಡಬ್ಬಿಯ ಬಗ್ಗೆ ಅವಳಿಗೆ ತಿಳಿದಿದ್ದದ್ದು ಅದರ ಬಣ್ಣಗಳು ಮಾತ್ರ. ನಾನು ಕೋಬಾಲ್ಟಿನ ಬಗ್ಗೆ ಕೇಳಿದಾಗ ಅವಳು "ಆ ಕಲರ್ ಔಟ್ ಆಫ್ ಸ್ಟಾಕ್ ಮೇಡಂ" ಎಂದಳು. ಅವಳನ್ನು ದೂರಲಾರೆ, ತರಬೇತಿ ಕೊಡದೆ ಬೆಳಗಿನಿಂದ ಸಂಜೆಯವರೆಗೆ ಕೂರಲೂ ಬಿಡದೆ ನಿಲ್ಲಿಸುವವರನ್ನು ದೂರಬೇಕು. ಕೂರಲು ಕುರ್ಚಿ ಕೊಡುವ ಬಗ್ಗೆ ಮ್ಯಾನೇಜರಿಗೆ ನಾನು ಅಲ್ಲಿಯೇ ಒಂದು ಮನವಿ ಬರೆದುಕೊಟ್ಟೆ. ಈ ನಡುವೆ ಅವಳು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅತ್ತಲಿಂದ ಬೆಂಗಳೂರಿನ ಒಬ್ಬ ತಜ್ಞನ ದನಿ.

ನಾನು ಮಾತಾಡಬಹುದಿತ್ತು. ಆದರೆ ಬಾಧಿತರು ತಮ್ಮ ಮಾತನ್ನು ತಾವೇ ಆಡಬೇಕೆಂಬುದು ನನ್ನ ಬದುಕಿನ ನಂಬಿಕೆ. ಫೋನನ್ನು ಅಕ್ಕನ ಮುಂದೆ ಸರಿಸಿದೆ.

"ನಮಸ್ಕಾರ ಮೇಡಂ, ಯಾವ ಉದ್ದೇಶಕ್ಕೆ ಬೇಕಿತ್ತು?"

"ವರ್ಕಿಗೆ," ಎಂದಳು ಅಕ್ಕ.

"ಓಕೆ ಮೇಡಂ. ಯಾವ ಥರ ವರ್ಕ್? ಆಫೀಸ್ ವರ್ಕಾ, ಫೀಲ್ಡ್ ವರ್ಕಾ?"

"ಸಮುದ್ರದ್ ಬದಿಗ್ ವರ್ಕ್."

"ಓ, ಫೀಲ್ಡ್ ವರ್ಕ್. ದಿನಕ್ಕೆ ಎಷ್ಟು ಗಂಟೆ ವರ್ಕ್ ಇರುತ್ತೆ?"

"ಎಂಟ್ ಗಂಟಿ ಬಂದ್ರೆ ನನ್ ಪುಣ್ಯ. ಮಿಷನ್ ಇಲ್ದಿರೆ ಅರ್ಧ ಗಂಟಿಯೂ ಸಮಾ ಬತ್ತಿಲ್ಲೆ. ಮಧ್ಯ ಮಧ್ಯ ನಿಂತ್ ಹೋತ್ತ್."

"ಹೌದು ಮೇಡಂ, ಈಗ ಎಲ್ಲ ಕಡೆ ವರ್ಕ್ ಕಮ್ಮಿನೇ. ಮಷಿನ್ ಅಂದ್ರಲ್ಲ, ಲ್ಯಾಪ್‌ಟಾಪಾ?"

"ಲ್ಯಾಪಿಗೆಲ್ಲ ಅಲ್ಲ. ಮೂಗಿಗೆ."

"ವಾಯ್ಸ್ ಬ್ರೇಕ್ ಆಗ್ತಿದೆ ಮೇಡಂ. ಲ್ಯಾಪ್‌ಟಾಪ್ ಅಂತ ಹಾಕ್ಕೋತೀನಿ. ಬೇರೆ ಏನಾದ್ರೂ ಡೌಟ್ ಇದೆಯಾ?"

"ಒಂದ್ ಇತ್ತ್. ಇದ್ರಗೆ ಕಡುಕ್ ಆತ್ತಾ?"

"ಏನ್ ಮೇಡಂ?"

"ಕಡುಕೆ, ಕಡುಕೆ. ನಿಮ್ ಡಬ್ಬಿಯಂಗೆ ಕಡುಕ್ ಆತ್ತಾ ಅಂದೇಳಿ."

"ಅಯ್ಯೋ, ಕಡಿಯೋ ಹಾಗೇ ಇಲ್ಲ ಮೇಡಂ! ಸ್ಕ್ರೂ ಬಿಚ್ಚಿದ್ರೇ ವಾರಂಟಿ ಹೋಗುತ್ತೆ. ಕಡಿದ್ರೆ ಬೆಂಕಿ ಹತ್ಕೊಳುತ್ತೆ. ದಯವಿಟ್ಟು ಮಕ್ಕಳ ಕೈಗೆ ಸಿಗದ ಹಾಗೆ ಇಡಿ."

ನಾನು ನಗುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ರಾಜಧಾನಿಯ ಕನ್ನಡವೊಂದೇ ಕನ್ನಡವೆಂದು ತಿಳಿದ ಆ ಠೀವಿಗೆ ತಕ್ಕ ಶಾಸ್ತಿಯಾಯಿತೆಂದು ಹಿಗ್ಗುತ್ತಿದ್ದೆ. ಅಕ್ಕ ಮಾತ್ರ ಫೋನಿನತ್ತ ಬಾಗಿ, "ಮಸಾಲಿ ಮಾರಾಯ್ರೆ, ಮಸಾಲಿ" ಎಂದು ಮುಂದುವರಿಸಲು ಹೊರಟಿದ್ದಳು. ನಾನು ಅವಳ ಕೈ ಹಿಡಿದು ತಡೆದೆ.

"ಅಕ್ಕ, ಕಡುದನ್ನ ಬಿಟ್ ಬಿಡ್. ಅದ್ರಿಂದ ನಿನ್ನ ಬಿಡಿಸುಕೇ ಈ ಗಾಡಿ."

ಅವಳು ಫೋನನ್ನು ನನ್ನ ಕಡೆ ಸರಿಸಿದಳು. ತಜ್ಞನು ಲ್ಯಾಪ್‌ಟಾಪಿನ ಕೆಲಸಕ್ಕೆ ಸಾಕಾಗುವ ಮುನ್ನೂರು ವಾಟ್-ಅವರಿನ ಸಣ್ಣ ಡಬ್ಬಿಯನ್ನು ಸೂಚಿಸಿದ. ಅದು ನನ್ನ ಷರತ್ತುಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಅವನ ತಿಳಿವಳಿಕೆ ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ಅವನ ಉತ್ತರ ನನಗೆ ಇಷ್ಟವಾಯಿತು. ಗಾಳಿ ಮಿಷನ್ನಿನ ಮೇಲಿಂದ ಬರೆದುಕೊಂಡು ಬಂದಿದ್ದ ಅಂಕಿಗಳನ್ನು ನಾನೇ ಭಾಗಿಸಿ, ಒಂದು ರಾತ್ರಿಗೆ ಧಾರಾಳವೆಂದು ತೀರ್ಮಾನಿಸಿ, ಆ ಡಬ್ಬಿಯನ್ನೂ ಒಂದು ಸೋಲಾರ್ ಹಲಗೆಯನ್ನೂ ಕೊಂಡೆ. ಮಿಷನ್ನಿನ ಪಕ್ಕದಲ್ಲೊಂದು ನೀರಿನ ಪೆಟ್ಟಿಗೆಯಿದೆ, ಮೂಗು ಒಣಗದಿರಲೆಂದು ಅದು ನೀರನ್ನು ಬೆಚ್ಚಗೆ ಮಾಡುತ್ತದೆ, ಬೆಚ್ಚಗೆ ಮಾಡಲು ಕರೆಂಟು ಬೇಕು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪ್ರತಿ ಸಂಜೆ ಆ ಪೆಟ್ಟಿಗೆಗೆ ನೀರು ತುಂಬುತ್ತಿದ್ದವಳು ಪಕ್ಕದಲ್ಲೇ ನಿಂತಿದ್ದಳು.

ಆಗ ಆಸಾಡಿ ತಿಂಗಳು. ಬ್ರಹ್ಮಾವರದ ನನ್ನ ಮನೆಯ ಅಂಗಳದಲ್ಲಿ ವ್ಯಾನು ನಿಲ್ಲಿಸಿ, ಅದರ ನೆತ್ತಿಯ ಮೇಲೆ ಸೋಲಾರ್ ಹಲಗೆ ಹರಡಿ ಸೂರ್ಯನಿಗಾಗಿ ಕಾದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸೂ ಆಸಾಡಿಯಲ್ಲಿ ಹಪ್ಪಳ ಒಣಗಲು ಹಾಕುವುದಿಲ್ಲ. ನಾನು ಒಂದು ಹೋರಾಟವನ್ನೇ ಒಣಗಲು ಹಾಕಿದ್ದೆ. ಮೂರು ದಿನಗಳ ಮೋಡದ ನಂತರ ಡಬ್ಬಿಯ ಪರದೆ ಶೇಕಡಾ ಮೂವತ್ತೈದು ತೋರಿಸಿತು. ಗೋಡೆಯ ಪ್ಲಗ್ಗು ನಾಲ್ಕು ಮಾರು ದೂರದಲ್ಲಿತ್ತು. ತತ್ವವೆಂದರೆ ತತ್ವ, ಪರೀಕ್ಷೆಗೆ ಮಧ್ಯಾಹ್ನದ ಒಂದು ನಿದ್ರೆ ಸಾಕು, ಅದಕ್ಕೆ ಮೂವತ್ತೈದು ಸಾಕು ಎಂದುಕೊಂಡೆ.

ಬೆಳಿಗ್ಗೆ ಹೆಮ್ಮಾಡಿಯಿಂದ ಬಂದಿದ್ದ ಅಕ್ಕ ಊಟ ಮುಗಿಸಿ, ಗವುಸು ಹಾಕಿಕೊಂಡು ವ್ಯಾನಿನಲ್ಲಿ ಮಲಗಿದಳು. ನಾನು ಜಗಲಿಯಲ್ಲಿ ಕುಳಿತು ನವೀಕರಿಸಬಹುದಾದ ಇಂಧನದ ಬಗ್ಗೆ ಪತ್ರಿಕೆಯೊಂದಕ್ಕೆ ವಾಚಕರ ಪತ್ರ ಬರೆಯುತ್ತಿದ್ದೆ. ಒಂದೂವರೆ ಗಂಟೆಯಾಗಿರಬಹುದು. 'ಶುದ್ಧ ಗಾಳಿ ಪ್ರತಿಯೊಬ್ಬರ ಹಕ್ಕು' ಎಂಬ ವಾಕ್ಯವನ್ನು ಹೇಗೆ ಮುಗಿಸಲಿ ಎಂದು ಯೋಚಿಸುತ್ತಿದ್ದಾಗ ವ್ಯಾನಿನ ತಗಡನ್ನು ಒಳಗಿನಿಂದ ಬಡಿದ ಸದ್ದು ಕೇಳಿತು.

ಬಾಗಿಲು ಎಳೆದೆ. ಅಕ್ಕ ಮಂಚದ ಮೇಲೆ ಎದ್ದು ಕುಳಿತಿದ್ದಳು. ಗವುಸನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು, ಹಣೆಯಲ್ಲಿ ಬೆವರು. ಡಬ್ಬಿಯ ಪರದೆ ಕಪ್ಪಾಗಿತ್ತು. ಅಪಾಯದ ಗಳಿಗೆಯೇನೂ ಅದಲ್ಲವೆಂದು ಆಮೇಲೆ ವೈದ್ಯರು ಹೇಳಿದರು. ಆ ಗಳಿಗೆಯಲ್ಲಿ ಅದು ನನಗೆ ತಿಳಿದಿರಲಿಲ್ಲ. ನೀರು ತಂದುಕೊಟ್ಟೆ. ಕ್ಷಮಿಸು ಎನ್ನುವ ಮೊದಲು, ಅಭ್ಯಾಸಬಲದಿಂದ, ಮೋಡದ ಬಗ್ಗೆ ಏನೋ ಹೇಳತೊಡಗಿದೆ.

"ಹೆಣೆ," ಎಂದಳು ಅಕ್ಕ, ಉಸಿರು ಸಮವಾದ ಮೇಲೆ. "ಗಾಳಿ ನಿಂತ್ರೆ ನಿನ್ ಸಿದ್ಧಾಂತ ಮೂಗಿಗ್ ಹಾಯ್ಕಂಬುಕ್ ಆತ್ತಾ?"

ನಾನು ಕಪ್ಪಾದ ಡಬ್ಬಿಯಿಂದ ವಯರು ಕಿತ್ತು ಬದಿಗಿಟ್ಟೆ.

"ನೀ ಊರವ್ರ ಹತ್ರ ಎಲ್ಲಾ ಕೇಂತೆ. ಅಂಗ್ಡಿಯ ಹೆಣ್ಣಿಗ್ ಕೂಕಂಬುಕ್ ಕುರ್ಚಿ ಬೇಕಾ ಅಂದೇಳಿ ಕೇಂತೆ. ನಂಗ್ ಎಂತ ಬೇಕ್ ಅಂದೇಳಿ ಕೇಂಡ್ದೆ ಇಲ್ಲೆ."

"ನಿಂಗ್ ವರ್ಕ್ ಬೇಕ್ ಅಂದ್ಯಲ್ಲ?"

"ವರ್ಕೂ ಬೇಕ್, ಕಡುಕೂ ಬೇಕ್."

"ಅಲ್ಲಾ ಅಕ್ಕ, ಮೂವತ್ತ್ ವರ್ಷ ಅದೇ ಮಾಡ್ದೆ. ಗಾಡಿಯಗೂ ಅದೇಯಾ?"

"ಮೂವತ್ತ್ ವರ್ಷ ಗಿರಾಕಿಗಳಿಗ್ ಕಡ್ದೆ. ಖಾರ ಜಾಸ್ತಿ ಆಯ್ತ್ ಅಂತ್ರ್, ಹುಳಿ ಕಮ್ಮಿ ಮಾಡಿ ಅಂತ್ರ್. ಮಿಕ್ಕದ್ದನ್ನೇ ನಾ ಉಂಡದ್ದ್. ಒಂದಿನ ನಂಗೊಬ್ಳಿಗೇ, ನಂಗ್ ಬೇಕಾದಷ್ಟ್ ಮೆಣಸ್ ಹಾಕಿ ಕಡಿತೆ. ನೀ ಉಂಬುದಾರೆ ಉಣ್, ಇಲ್ದಿರೆ ಬಿಡ್."

ಇಷ್ಟು ವರ್ಷ ಅಡುಗೆಮನೆಯನ್ನು ಸೆರೆಮನೆಯೆಂದು ಭಾಷಣ ಮಾಡಿದವಳು ನಾನು. ಆ ಸೆರೆಯಲ್ಲಿದ್ದವಳಿಗೆ ಒಂದು ಊಟದ ರುಚಿಯನ್ನೂ ತನ್ನಿಷ್ಟದಂತೆ ನಿರ್ಧರಿಸುವ ಹಕ್ಕಿರಲಿಲ್ಲ ಎಂಬುದು ನನ್ನ ದೂರುಗಳ ಉದ್ದನೆಯ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಕುಂದಾಪುರದ ಮಾಲೀಕರು ಅವಳ ಉಸಿರನ್ನು 'ಇತರೆ'ಗೆ ಹಾಕಿದ್ದರು. ನಾನು ಅವಳ ನಾಲಗೆಯನ್ನು ಹಾಕಿದ್ದೆ.

ಮರುದಿನ ಅವಳು ಒಂದು ದೊಡ್ಡ ಬಟ್ಟೆಚೀಲದೊಂದಿಗೆ ಹೆಮ್ಮಾಡಿಯಿಂದ ಮತ್ತೆ ಬಂದಳು. ಚೀಲದಲ್ಲಿ ಏನಿದೆಯೆಂದು ಹೇಳಲಿಲ್ಲ. ಸಣ್ಣ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಬ್ರಹ್ಮಾವರದ ಶೋರೂಮಿನಲ್ಲಿ ಅದೇ ಯುವತಿ, ಇನ್ನೂ ನಿಂತೇ ಇದ್ದಳು. ಮ್ಯಾನೇಜರ್ ಹೊರಬಂದು, ಒಮ್ಮೆ ಬಳಸಿದ ವಸ್ತುವನ್ನು ಬದಲಿಸಿ ಕೊಡುವ ನಿಯಮವಿಲ್ಲವೆಂದರು. ಗ್ರಾಹಕರ ಹಕ್ಕುಗಳ ಬಗ್ಗೆ ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕ ಅಂಗೈ ಎತ್ತಿ ನನ್ನನ್ನು ನಿಲ್ಲಿಸಿದಳು.

"ಮಾತ್ ಆಮೇಲೆ. ಮೊದ್ಲ್ ಹಾಕಿ ಕಾಂಬ. ಆ ದೊಡ್ಡದ್ ಇತ್ತಲ್ಲ, ಅದನ್ನ ಕೆಳ್ಗೆ ಇಡಿ."

ಚೀಲದಿಂದ ಮೊದಲು ಗಾಳಿ ಮಿಷನ್ ಹೊರಬಂತು. ಸಾವಿರ ವಾಟ್-ಅವರಿನ ಡಬ್ಬಿಗೆ ಅದನ್ನು ಸಿಕ್ಕಿಸಿ, ನೀರು ತುಂಬಿ, ಗವುಸು ಹಾಕಿಕೊಂಡು ಅವಳು ಗಿರಾಕಿಗಳ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿದಳು. ಫ್ರಿಜ್ ನೋಡಲು ಬಂದಿದ್ದ ಒಂದು ಕುಟುಂಬ ಕಪಾಟುಗಳ ನಡುವೆ ನಿಂತುಬಿಟ್ಟಿತು. ಅರ್ಧ ಗಂಟೆಯ ನಂತರ ಅವಳು ಕಣ್ಣು ತೆರೆದು, ಪರದೆಯ ಅಂಕಿ ಓದಿ, ಬೆರಳು ಮಡಚಿ ಎಣಿಸಿದಳು.

"ರಾತ್ರಿಗ್ ಸಾಕಾತ್ತ್. ಈಗ ಇನ್ನೊಂದ್."

ಆಗ ಚೀಲದಿಂದ ಬಂದದ್ದು ಮಿಕ್ಸಿ. ಅದರ ಹಿಂದೆ ಒಂದು ಡಬರಿ: ತುರಿದ ತೆಂಗಿನಕಾಯಿ, ನೆನೆಸಿದ ಒಣಮೆಣಸು, ಹುರಿದ ಕೊತ್ತಂಬರಿ, ಹುಣಸೆಹುಳಿ.

"ಮೇಡಂ," ಎಂದರು ಮ್ಯಾನೇಜರ್, "ಡೆಮೊ ಅಂದ್ರೆ ನಾವು ಮೊಬೈಲ್ ಚಾರ್ಜ್ ಮಾಡಿ ತೋರಿಸೋದು..."

"ಮೊಬೈಲ್ ಮನಿಯಗೇ ಚಾರ್ಜ್ ಆತ್ತ್. ಗಂಡಸ್ರಿಗ್ ಕರೆಂಟ್ ಅಂದ್ರೆ ಮೊಬೈಲ್ ಒಂದೇ ಅಲ್ದಾ?"

ಮೊದಲು ಸಣ್ಣ ಡಬ್ಬಿ. ಅಲ್ಲಿಯ ಗೋಡೆಯಿಂದಲೇ ಅದಕ್ಕೆ ಒಂದಿಷ್ಟು ಚಾರ್ಜ್ ತುಂಬಿಸಲಾಗಿತ್ತು, ನಾನು ಆಕ್ಷೇಪಿಸಲಿಲ್ಲ. ಮಿಕ್ಸಿಯ ಗುಂಡಿ ತಿರುಗಿಸಿದ ಕೂಡಲೇ ಅದು ಕೀ ಎಂದು ಕೂಗಿ ಕಣ್ಣು ಮುಚ್ಚಿತು. ಆಮೇಲೆ ದೊಡ್ಡದು. ಅದರ ಒಳಗಿನ ಪಂಖ ಗುಂಯ್ ಎಂದಿತು, ಮಿಕ್ಸಿ ತಡವರಿಸದೆ ತಿರುಗಿತು, ಶೋರೂಮಿನ ತಂಪು ಗಾಳಿಯಲ್ಲಿ ಖಾರದ ಘಾಟು ಹಬ್ಬಿತು. ಫ್ರಿಜ್ ಕುಟುಂಬದ ಅಜ್ಜಿ ಹತ್ತಿರ ಬಂದು ಮುಚ್ಚಳ ತೆಗೆಸಿ, ಬೆರಳಿಂದ ಒಂಚೂರು ತೆಗೆದು ಉಜ್ಜಿ ನೋಡಿದರು.

"ನೊಂಪ್ ಆಯ್ತ್ ಕಾಣಿ," ಎಂದು ಅಂಗಡಿಗೆಲ್ಲ ಕೇಳುವಂತೆ ಘೋಷಿಸಿದರು. ಯಾವ ತಜ್ಞನೂ ಕೊಡದ ಪ್ರಮಾಣಪತ್ರವದು: ನುಣ್ಣಗಾಗಿದೆ.

ಬದಲಿಸಿಕೊಡುವ ನಿಯಮವಿಲ್ಲವೆಂದಿದ್ದ ಮ್ಯಾನೇಜರ್ ಎರಡು ಬಾರಿ ಸೀನಿ, ಗುಂಪನ್ನು ನೋಡಿ, ಒಳಗೆ ಹೋಗಿ ನಿಯಮವೊಂದನ್ನು ಹುಡುಕಿಕೊಂಡು ಬಂದರು. ದೊಡ್ಡ ಡಬ್ಬಿಯಲ್ಲೂ ಕೋಬಾಲ್ಟ್ ಇರಲಿಲ್ಲ. ಅದನ್ನು ಅಲ್ಲಿದ್ದವರಿಗೆಲ್ಲ ವಿವರಿಸಬೇಕೆನಿಸಿತು. ಯಾರೂ ಕೇಳದ್ದರಿಂದ ವಿವರಿಸಲಿಲ್ಲ.

ಸೋಣೆ ತಿಂಗಳ, ಎಂದರೆ ಸಿಂಹ ಮಾಸದ, ಕೊನೆಗೆ ಮಳೆ ಬಿಡುವು ಕೊಟ್ಟಿತು. ಗೋಡೆಯ ಕರೆಂಟಿನಿಂದಲೇ ಡಬ್ಬಿಯನ್ನು ನೂರಕ್ಕೆ ತುಂಬಿಸಿ, ಹೆಮ್ಮಾಡಿಯಿಂದ ಹೊರಟು ಬೈಂದೂರು ದಾಟಿ ಕಡಲ ಬದಿಯಲ್ಲಿ ಪರಿಚಿತರ ಜಾಗದಲ್ಲಿ ವ್ಯಾನು ನಿಲ್ಲಿಸಿದೆವು. ಸಂಜೆ ಅಕ್ಕ ಬಂಗುಡೆಗೆ ಮಸಾಲೆ ಕಡಿದಳು. ಕಣ್ಣಲ್ಲಿ ನೀರು ಬರಿಸಿಕೊಂಡು ನಾನು ಮೂರು ತುತ್ತು ಉಂಡೆ. ಅವಳು ಮೀನಿನ ತಲೆಯನ್ನೂ ಬಿಡದೆ ಚೀಪಿದಳು. ಕತ್ತಲಾಗುತ್ತಲೇ ಗವುಸು ಹಾಕಿ ಮಲಗಿದಳು.

ಬೆಳಿಗ್ಗೆ ಆರಕ್ಕೆ ನಾನು ಎದ್ದು ಮೊದಲು ನೋಡಿದ್ದು ಪರದೆಯನ್ನು: ನಲವತ್ತೊಂದು. ಅಕ್ಕನ ಎದೆ ಒಂದೇ ಹದದಲ್ಲಿ ಏರಿಳಿಯುತ್ತಿತ್ತು. ಏಳಕ್ಕೆ ಅವಳು ಎದ್ದಳು, ಮುಖ ತೊಳೆದಳು, ಸಮುದ್ರವನ್ನು ಸ್ವಲ್ಪ ಹೊತ್ತು ನೋಡಿದಳು, ಡಬ್ಬಿಯ ಬಳಿ ಬಂದು ಕುಕ್ಕರುಗಾಲಲ್ಲಿ ಕುಳಿತಳು. ನೀರು ಬೆಚ್ಚಗಾಗಿಸುವ ಗುಂಡಿಯನ್ನು ಒತ್ತಿ ಆರಿಸಿದಳು.

"ಇದನ್ನ ತೆಗ್ದ್ರೆ ಇನ್ನೂ ಸುಮಾರ್ ಹೊತ್ತ್ ಬತ್ತ್," ಎಂದಳು. "ನಾ ಮತ್ತೊಂದ್ಚೂರ್ ಮನಿಕಂತೆ. ನೀ ಬಾಗ್ಲ್ ಹಾಕಿ ಹೊರ್ಗ್ ಕೂಕೊ. ಯಾರ್ ಫೋನ್ ಬಂದ್ರೂ ನನ್ನ ಏಳ್ಸುದ್ ಬ್ಯಾಡ."

ಒಂಬತ್ತಕ್ಕೆ ಅಣ್ಣನ ಫೋನು ನನಗೇ ಬಂತು.

"ಹ್ವಾಯ್, ಎಲ್ಲಿದ್ರಿ? ಮಧ್ಯಾಹ್ನಕ್ಕೆ ಬಸ್ಸ್ ತುಂಬ ಗಿರಾಕಿ ಬತ್ರ್. ಅಕ್ಕನ ಹತ್ರ ಕೊಡ್."

"ಅಕ್ಕ ಮನಿಕಂಡಿದ್ಲ್."

"ಒಂಬತ್ತ್ ಗಂಟಿಗಾ?" ಅವನ ದನಿಯಲ್ಲಿ ಮೊದಲ ಬಾರಿಗೆ ನಗುವಿರಲಿಲ್ಲ. "ಎಂತ ಆಯ್ತ್? ಹುಷಾರಿಲ್ಯಾ ಅವ್ಳಿಗೆ?"

"ಹುಷಾರಿದ್ಲ್," ಎಂದೆ. "ಅದ್ಕೇ ಮನಿಕಂಡಿದ್ಲ್."

ಅದು ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದ. ಹಾಗೆ ಕೇಳಿದಾಗಲೆಲ್ಲ ಅರ್ಧ ಗಂಟೆ ಬಿಡಿಸಿ ಹೇಳುವವಳು ನಾನು. ಅಂದು ಫೋನು ಇಟ್ಟು, ವ್ಯಾನಿಗೆ ಬೆನ್ನು ಕೊಟ್ಟು ಮರಳಿನಲ್ಲಿ ಕುಳಿತೆ. ತಗಡಿನ ಆಚೆ ಮಿಷನ್ ಸಣ್ಣಗೆ ಗಾಳಿ ಊದುತ್ತಿತ್ತು.